ಬಸ್ರಾದಲ್ಲಿ ಕೂತ ಹುಲಿ

ನನ್ನೇಸಾಬ ಯರ್ರಿಸ್ವಾಮಿಯನ್ನು ಮೊದಲ ಸಲ ನೋಡಿದ್ದು ನವಸಾಗರದ ಹೊಗೆಯೊಳಗೆ. ಅದು ಸಾವಿರದ ಒಂಬೈನೂರ ನಲವತ್ತನೇ ಇಸವಿ. ಮೊಹರಂ ಚಂದ್ರ ಕಂಡು ಎರಡು ಮೂರು ದಿನವಾಗಿತ್ತು. ಹಬ್ಬ ಹತ್ತಿರ ಬಂದರೆ ನ್ಯಾಮತಿಯ ಯಾವ ಮನೆಯ ತಾಮ್ರದ ಪಾತ್ರೆಯಾದರೂ ನನ್ನೇಸಾಬನ ಕಲಾಯಿ ಒಲೆಗೇ ಬರಬೇಕು. ಅವತ್ತು ಅವನ ಎಡಗೈ ತಿದಿ ಒತ್ತುತ್ತಿತ್ತು. ಬಲಗೈಯ ಇಕ್ಕಳದಲ್ಲಿ ಒಂದು ಕೊಳಗ ಕೆಂಡದ ಮೇಲೆ ತಿರುಗುತ್ತಿತ್ತು. ಕಾದ ಕೊಳಗಕ್ಕೆ ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಭುಸ್ಸೆಂದು ಎದ್ದಿತು. ತವರದ ಕಡ್ಡಿ ಮುಟ್ಟಿಸಿ, ಅರಳೆಯಲ್ಲಿ ಒರೆಸಿ, ಕೊಳಗದೊಳಗೆ ಬೆಳ್ಳಗೆ ಹೊಳಪು ಹರಡಿದ ಮೇಲೆ ತಲೆಯೆತ್ತಿದರೆ ಎದುರಿಗೆ ಒಬ್ಬ ನಿಂತಿದ್ದ. ಉದ್ದನೆಯ, ಸಪೂರ ಆಳು. ಹೆಗಲ ಮೇಲೆ ಕರಿ ಕಂಬಳಿ, ಮೊಣಕಾಲ ತನಕ ದಾರಿಯ ಧೂಳು, ಕಂಕುಳಲ್ಲಿ ಒಂದು ಕುಂಬಳಕಾಯಿ. ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಆ ಕಡೆ ಈ ಕಡೆ ಕಾಲು ಬದಲಿಸುತ್ತಾ ನಿಂತಲ್ಲೇ ಓಡಾಡುತ್ತಿದ್ದ.

"ಸಾಬ್ರೇ, ಈ ಊರಾಗೆ ಹುಲಿ ಆಗಬೇಕಂದ್ರೆ ಯಾರನ್ನ ಕೇಳಬೇಕು?"

ನನ್ನೇಸಾಬ ಕೊಳಗವನ್ನು ನೀರಿಗೆ ಅದ್ದಿ ಚುಂಯ್ ಎನ್ನಿಸಿ ಪಕ್ಕಕ್ಕಿಟ್ಟ. "ಯಾಕಪ್ಪ, ಮನುಷ್ಯ ಆಗಿ ಸಾಕಾಯ್ತಾ?"

"ನನಗೇನೂ ಸಾಕಾಗಿರಲಿಲ್ಲ. ನಮ್ಮತ್ತೆ ಹರಕೆ ಹೊತ್ತುಬಿಟ್ಟವ್ಳೆ."

ಆಮೇಲೆ ಅವನು ಹೇಳಿದ್ದು ಇಷ್ಟು. ಅವನ ಊರು ಜಗಳೂರು. ಹೆಂಡತಿ ಅಂಜಿನಮ್ಮ ಗೋವಿನಕೋವಿಯವಳು. ಹಿಂದಿನ ವರ್ಷ ಅವಳು ಮಗು ಭೀಮಕ್ಕನನ್ನು ಕರೆದುಕೊಂಡು ತವರಿಗೆ ಬಂದಿದ್ದಾಗ ಮಗುವಿಗೆ ಜ್ವರ ಬಂದು, ಜ್ವರ ಇಳಿದರೂ ಕಾಲಿಗೆ ಬಲ ಬರಲಿಲ್ಲ. ನಡೆಯುತ್ತಿದ್ದ ಕೂಸು ಗೋಡೆಗೆ ಒರಗಿ ಕೂತುಬಿಟ್ಟಿತು. ಅಜ್ಜಿ ಹನುಮಂತಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ನ್ಯಾಮತಿಯ ಮೊಹರಂನ ಅಲಾಯಿ ದೇವರ ಮುಂದೆ ನಿಂತಳು. ಕೆಂಪು ಲಾಡಿ ಕಟ್ಟಿಸಿದಳು, ಸಕ್ಕರೆ ಓದಿಸಿದಳು, "ಈ ಕೂಸು ಎದ್ದು ನಿಂತರೆ ಇದರಪ್ಪ ಐದು ವರ್ಷ ನಿನ್ನ ಹಬ್ಬಕ್ಕೆ ಹುಲಿ ಆಗಿ ಕುಣೀತಾನೆ" ಎಂದಳು. ದೀಪಾವಳಿಗೆ ಕೂಸು ಎದ್ದು ನಿಂತಿತು. ಸಂಕ್ರಾಂತಿಗೆ ಓಡಿತು.

"ಹರಕೆ ಹೊರುವಾಗ ನನ್ನ ಯಾರೂ ಒಂದು ಮಾತು ಕೇಳಲಿಲ್ಲ ಸಾಬ್ರೇ. ನಾನು ಜಗಳೂರಾಗೆ ಹಾಯಾಗಿ ಇದ್ದೆ. ಆದ್ರೆ ಕೂಸು ನನ್ನದಲ್ಲವಾ? ಮಾತು ತಪ್ಪಿ ಮತ್ತೆ ಕೂತುಬಿಟ್ರೆ?"

ಅದನ್ನು ಹೇಳುವಾಗ ಮಾತ್ರ ಅವನ ಕಾಲು ನಿಂತಲ್ಲಿ ನಿಂತಿತು.

"ಕುಂಬಳಕಾಯಿ ಯಾಕೆ ತಂದಿ?"

"ಹುಲಿ ಕಲಿಸೋರಿಗೆ. ಬರಿಗೈಲಿ ಬರಬಾರದಲ್ಲ."

ಮೊಹರಂ ಬಂತೆಂದರೆ ನನ್ನೇಸಾಬನೇ ತಾಸೆ ಬಾರಿಸುವವನು. ಕುಂಬಳಕಾಯಿ ಅವನ ಹೆಂಡತಿ ಇಮಾಮ್‌ಬೀಯ ಒಲೆ ಸೇರಿತು. ಹುಲಿಯ ಪಾಠ ಹಿತ್ತಲಲ್ಲಿ ಶುರುವಾಯಿತು. ಮೊದಲ ವರ್ಷ ಯರ್ರಿಸ್ವಾಮಿ ಹುಲಿಯಂತೆ ಕುಣಿಯಲಿಲ್ಲ, ಕಟ್ಟು ಬಿಚ್ಚಿದ ಹೋತದಂತೆ ಕುಣಿದ. ಇಮಾಮ್‌ಬೀ ಬಾಗಿಲ ಸಂದಿಯಿಂದ ನೋಡಿ, "ಇದಕ್ಕೆ ಹುಲ್ಲು ಹಾಕ್ರಿ" ಎಂದಳು. ನಾಲ್ಕನೇ ವರ್ಷದ ಹೊತ್ತಿಗೆ ಅವನನ್ನು ನೋಡಲೆಂದೇ ಹೊನ್ನಾಳಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ಅವನಲ್ಲಿದ್ದ ದೊಡ್ಡ ಗುಣವೂ ದೋಷವೂ ಒಂದೇ: ಕೂತಲ್ಲಿ ಕೂರುವವನಲ್ಲ. ಊಟಕ್ಕೆ ಕೂತರೂ ತಟ್ಟೆ ಹಿಡಿದುಕೊಂಡು ಅಂಗಳ ಸುತ್ತುತ್ತಿದ್ದ. ಹನುಮಂತಮ್ಮ, "ಒಂದು ತುತ್ತು ಗೋವಿನಕೋವಿಯಾಗೆ, ಇನ್ನೊಂದು ತುತ್ತು ಜಗಳೂರಾಗೆ ತಿಂತಾನೆ ನನ್ನ ಅಳಿಯ" ಎಂದು ಕಂಡವರ ಮುಂದೆಲ್ಲ ಹೇಳುತ್ತಿದ್ದಳು.

ಅಷ್ಟರಲ್ಲಿ ಯುದ್ಧ ಜೋರಾಯಿತು. ಕಲಾಯಿಯ ತವರ ಬರುತ್ತಿದ್ದುದು ಮಲಯದಿಂದ. ಮಲಯ ಜಪಾನಿನವರ ಕೈಗೆ ಹೋದ ಮೇಲೆ ತವರದ ಕಡ್ಡಿ ಕಣ್ಣಿಗೆ ಬೀಳದಾಯಿತು. ತವರವಿಲ್ಲದ ಕಲಾಯಿಯವನೆಂದರೆ ಹಸುವಿಲ್ಲದ ಮನೆಯ ಹಾಲುಗಡಿಗೆಯಂತೆ, ಇದ್ದಲ್ಲೇ ಇರಬೇಕು. ಚನ್ನಗಿರಿಯ ಸಂತೆಯಲ್ಲಿ ಪಟ್ಟಾಳಕ್ಕೆ ಆಳು ಸೇರಿಸುವವನೊಬ್ಬ ಮೇಜು ಹಾಕಿಕೊಂಡು ಕೂತಿದ್ದಾನೆ, ಬಂದೂಕು ಹಿಡಿಯುವವರು ಮಾತ್ರವಲ್ಲ, ಅಡಿಗೆಯವರು, ಕ್ಷೌರದವರು, ಕಲಾಯಿಯವರೂ ಬೇಕಂತೆ ಎಂಬ ಸುದ್ದಿ ಬಂತು. ನನ್ನೇಸಾಬ ಹೊರಟ. ವಿಷಯ ತಿಳಿದ ಯರ್ರಿಸ್ವಾಮಿ ಜಗಳೂರಿನಿಂದ ಬಂದು, "ತಾಸೆ ಹೋದ ಮೇಲೆ ಹುಲಿ ಇಲ್ಲಿದ್ದು ಏನು ಮಾಡಬೇಕು, ನಾನೂ ಬರ್ತೀನಿ" ಎಂದ. ಅವನನ್ನು ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿಸಿಕೊಂಡರು.

ಒಂದೇ ಒಂದು ತೊಡಕಿತ್ತು. ಹರಕೆಯ ಐದನೇ ವರ್ಷ ಬಾಕಿ ಇತ್ತು. ಅವನನ್ನು ಕರೆದುಕೊಂಡು ನನ್ನೇಸಾಬ ಅಲಾಯಿ ದೇವರ ಪೂಜೆ ನೋಡಿಕೊಳ್ಳುತ್ತಿದ್ದ ಮುಜಾವರ ಸುಬಾನಸಾಬನ ಹತ್ತಿರ ಹೋದ. ಸುಬಾನಸಾಬ ಎಲೆ ಅಡಿಕೆ ಮೆಲ್ಲುತ್ತಾ, "ಎತ್ತ ಹೋಗ್ತೀರಂತೆ?" ಎಂದ.

"ಬಸ್ರಾ ಅಂತಾರೆ. ಇರಾಕ್ ದೇಶ."

"ಇರಾಕ್ ಅಂದ್ರೆ ದೇವರ ಊರೇ ಅಲ್ಲವೇನೋ. ಕರ್ಬಲಾ ಇರೋದೇ ಅಲ್ಲಿ. ಇಲ್ಲೇ ನಾವು ಇಷ್ಟು ಮಾಡ್ತೀವಿ, ಅಲ್ಲಿ ಹಬ್ಬ ಎಷ್ಟು ಜೋರಿರಬ್ಯಾಡ. ಅಲ್ಲೇ ಹುಲಿ ಆಗು. ಬೇರಿಗೇ ನೀರು ಹಾಕಿದಂಗೆ ಆಗ್ತೈತೆ."

ಈ ಮಾತು ಕೇಳಿ ಯರ್ರಿಸ್ವಾಮಿಯ ಮನಸ್ಸು ಹಗುರಾಯಿತು. ಹಡಗಿನಲ್ಲಿ ಎಲ್ಲರೂ ವಾಂತಿ ಮಾಡಿಕೊಂಡು ಬಿದ್ದಿದ್ದರೆ ಅವನು ಕಂಬಿ ಹಿಡಿದು ಹೆಜ್ಜೆ ಅಭ್ಯಾಸ ಮಾಡುತ್ತಿದ್ದ.

ಬಸ್ರಾದ ಹೊರಗಿನ ಆ ಕ್ಯಾಂಪು ಒಂದು ಊರಿನಷ್ಟಿತ್ತು. ಒಂದು ಕಡೆ ಕಣ್ಣು ಹಾಯುವ ತನಕ ಡೇರೆಗಳು, ಲಾರಿಗಳು. ಇನ್ನೊಂದು ಕಡೆ ಕಾಲುವೆ, ಕಾಲುವೆಯಾಚೆ ಖರ್ಜೂರದ ತೋಟಗಳು. ಗೂರ್ಖಾಗಳು, ಪಂಜಾಬಿಗಳು, ತಮಿಳರು, ಗೋವಾದ ಅಡಿಗೆಯವರು, ಕೂಲಿಗೆ ಬರುವ ಅರಬರು, ಕಾರ್ಖಾನೆಯಲ್ಲಿ ಅರ್ಮೇನಿಯದವರು, ಇವರೆಲ್ಲರ ಮೇಲೆ ಗೋರಾ ಸಾರ್ಜೆಂಟರು. ನನ್ನೇಸಾಬನಿಗೆ ತವರಕ್ಕೆ ಬರವಿರಲಿಲ್ಲ. ಅವನು ಅಡಿಗೆಕೋಣೆಯ ಹಿಂದೆ ಒಲೆ ಹೂಡಿ, ಆಳೆತ್ತರದ ಅಡಿಗೆ ಹಂಡೆಗಳನ್ನು ಬೆಳ್ಳಗೆ ಮಾಡುತ್ತಾ, ತನ್ನ ಪಾಡಿಗೆ ಇದ್ದ. ಯರ್ರಿಸ್ವಾಮಿ ಮಾತ್ರ ಒಂದೇ ತಿಂಗಳಲ್ಲಿ ಇಡೀ ಕ್ಯಾಂಪಿಗೆ ನೆಂಟನಾದ. ಭಾಷೆ ಬಾರದ್ದು ಅವನಿಗೆ ತೊಡಕೇ ಆಗಲಿಲ್ಲ. ಕನ್ನಡವನ್ನೇ ಸ್ವಲ್ಪ ಗಟ್ಟಿಯಾಗಿ, ಕೈ ಆಡಿಸಿಕೊಂಡು ಮಾತಾಡುತ್ತಿದ್ದ.

ಪೆಟ್ಟಿಗೆ ಹೊರುವವರ ಸಾಲಿನಲ್ಲಿ ನಿಲ್ಲದೆ ಸುತ್ತುವ ಇವನನ್ನು ಕಂಡು ಬೇಸತ್ತ ಹವಾಲ್ದಾರ ಲಾರಿಗಳಿಗೆ ಬಣ್ಣ ಬಳಿಯುವ ಶೆಡ್ಡಿಗೆ ತಳ್ಳಿದ. ಅಲ್ಲಿಯ ಮೇಸ್ತ್ರಿ ಆರ್ತಿನ್ ಎಂಬ ಅರ್ಮೇನಿಯದವನು. ಬೆಳ್ಳನೆ ಮೀಸೆಯ, ಗಿಡ್ಡ ಮನುಷ್ಯ. ಬಸ್ರಾ ಪೇಟೆಯಲ್ಲಿ ಸಂಸಾರ. ಲಾರಿ ಸುತ್ತ ತಿರುಗುತ್ತಾ ಕುಂಚ ಆಡಿಸುವ ಕೆಲಸ ಯರ್ರಿಸ್ವಾಮಿಗೆ ಹೇಳಿ ಮಾಡಿಸಿದಂತಿತ್ತು. ಮೇಸ್ತ್ರಿ ಹರುಕುಮುರುಕು ಹಿಂದುಸ್ತಾನಿ ಆಡುತ್ತಿದ್ದ, ಇವನು ಕನ್ನಡ. ಇಬ್ಬರೂ ದಿನವಿಡೀ ಹರಟುತ್ತಿದ್ದರು.

ಚಳಿಗಾಲ ಬಂತು, ಅದರ ಹಿಂದೆಯೇ ಹಬ್ಬಗಳು ಬಂದವು. ಗೂರ್ಖಾಗಳು ದೀಪಾವಳಿಯಲ್ಲಿ ನಾಯಿಗೆ ಹಾರ ಹಾಕಿ ಕುಂಕುಮವಿಟ್ಟರೆ, ನಾಯಿ ಹಿಡಿದುಕೊಂಡು ನಿಂತವನು ಯರ್ರಿಸ್ವಾಮಿ. ಡಿಸೆಂಬರಿನಲ್ಲಿ ಗೋವಾದ ಅಡಿಗೆಯವರು ಕ್ರಿಸ್ಮಸ್ಸಿಗೆ ಕಾಗದದ ನಕ್ಷತ್ರ ಕಟ್ಟುವಾಗ ಕಂಬದ ಮೇಲೆ ಹತ್ತಿದವನೂ ಅವನೇ. ಅವತ್ತು ಕೊಬ್ಬರಿ ಕಡುಬು ಮೆಲ್ಲುತ್ತಾ ಒಲೆಯ ಸುತ್ತ ತಿರುಗುವ ಅವನನ್ನು ನನ್ನೇಸಾಬ ಕೇಳಿದ: "ಅಲ್ಲಯ್ಯ, ನಿನಗೆ ಯಾವ ಹಬ್ಬ ಅಂತ ಇಲ್ಲವಾ?"

"ಹಬ್ಬ ಯಾರ್ದಾದ್ರೇನು ಸಾಬ್ರೇ. ಒಲೆ ಉರಿಯೋ ಕಡೆ ಹೋಗಬೇಕು. ಆರ್ತಿನ್ ಹೇಳ್ತಾನೆ, ಅವನ ಕ್ರಿಸ್ಮಸ್ ಜನವರಿಯಾಗೆ ಐತಂತೆ. ಆರನೇ ತಾರೀಕು ಹಬ್ಬ, ಹಿಂದಿನ ಸಂಜೆ ಊಟ. ಕರೆದವ್ನೆ. ಒಂದೇ ಹಬ್ಬಕ್ಕೆ ಎರಡು ಸಲ ಊಟ, ಇಂಥ ದೇಶ ಎಲ್ಲೈತೆ."

ಆ ವರ್ಷ ಮೊಹರಂ ಚಂದ್ರ ಕಂಡದ್ದು ಗೋವಾದವರ ಕ್ರಿಸ್ಮಸ್ ಮುಗಿದ ಎರಡು ಮೂರು ದಿನಕ್ಕೇ. ಅದಕ್ಕೆ ಮುಂಚೆಯೇ ಜಾಸಿಮ್ ಬಂದಿದ್ದ. ಕಾಲುವೆಯ ಮೇಲೆ ದೋಣಿಯಲ್ಲಿ ಕ್ಯಾಂಪಿಗೆ ತರಕಾರಿ ತರುವ ಅರಬ ಅವನು; ಅವನ ಮನೆ ಕಾಲುವೆಯಾಚೆಯ ತೋಟದಲ್ಲೇ ಇತ್ತು. ಅವತ್ತು ದೋಣಿಯಲ್ಲಿ ತರಕಾರಿ ಇರಲಿಲ್ಲ. ನಾಲ್ಕು ಜನ ಎತ್ತಬೇಕಾದ ತಾಮ್ರದ ಹಂಡೆಗಳಿದ್ದವು.

"ಮೊಹರಂಗೆ. ಕಲಾಯಿ ಆಗಬೇಕು" ಎಂದು ಕ್ಯಾಂಪಿನಲ್ಲಿ ಕಲಿತ ಹಿಂದುಸ್ತಾನಿಯಲ್ಲಿ ಹೇಳಿದ.

"ಎಷ್ಟು ಮಂದಿಗೆ ಅಡಿಗೆ?"

"ಬಂದವರಿಗೆಲ್ಲ."

ನನ್ನೇಸಾಬ ಹಂಡೆಯೊಳಗೆ ಇಳಿದು ಇಟ್ಟಿಗೆಪುಡಿ ಹಾಕಿ ಉಜ್ಜಿದ. ಯರ್ರಿಸ್ವಾಮಿ ಹೊರಗಿನಿಂದ ಅದನ್ನು ಡೋಲಿನಂತೆ ಬಡಿದು ನೋಡಿದ. "ಸುಬಾನಸಾಬ್ರು ಹೇಳಿದ್ದು ಖರೆ. ಇಷ್ಟು ದೊಡ್ಡ ಹಂಡೆ ಇಟ್ಟೋರು ಹುಲಿ ಎಷ್ಟು ಕುಣಿಸಿರಬ್ಯಾಡ. ನನ್ನ ಒಂದು ಹುಲಿ ಯಾವ ಮೂಲೆಗೆ ಸಾಕು ಸಾಬ್ರೇ?"

ನನ್ನೇಸಾಬನಿಗೆ ಸಣ್ಣ ಅನುಮಾನವೊಂದು ಆಗಲೇ ಬಂದಿತ್ತು. ತೋಟದ ಮನೆಗಳ ಮೇಲೆ ಕರಿ ಬಾವುಟ ಹಾರುತ್ತಿತ್ತು. ನ್ಯಾಮತಿಯಲ್ಲಿ ಹಸಿರು ಏರಿಸುತ್ತಿದ್ದರು. ಯುದ್ಧಕಾಲ, ಬಣ್ಣದ ಬಟ್ಟೆ ಸಿಕ್ಕಿಲ್ಲವೇನೋ ಎಂದುಕೊಂಡು ಸುಮ್ಮನಾದ. ಊರಿನ ಮೊಹರಂನಲ್ಲಿ ಹಾಡು ಹೇಳುವವರು ದುಃಖದ ಕಥೆಯನ್ನೇ ಹಾಡುತ್ತಿದ್ದರೆಂಬುದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಆ ಹಾಡಿನ ಪಕ್ಕದಲ್ಲೇ ತಾಸೆ, ಕುಣಿತ, ಚೊಂಗೆಯ ಸಿಹಿ ರೊಟ್ಟಿ, ಹುಲಿ ಎಲ್ಲವೂ ಇರುತ್ತಿದ್ದವು. ಹುಟ್ಟಿದಾಗಿನಿಂದ ಕೂಡಿಯೇ ಕಂಡದ್ದನ್ನು ಬಿಡಿಸಿ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವನು ಬಿಸ್ಕತ್ತಿನ ಡಬ್ಬಿಗೆ ಚರ್ಮ ಬಿಗಿದು ತಾಸೆ ಸಿದ್ಧ ಮಾಡಿದ.

ಊರಿನಲ್ಲಿ ಹುಲಿ ಹೊರಡುವುದು ಒಂಬತ್ತನೇ ದಿನ. ಇಬ್ಬರೂ ಆ ದಿನಕ್ಕೆ ರಜೆ ಕೇಳಿಕೊಂಡರು. ಅದು ಜನವರಿ ಐದನೇ ತಾರೀಕು. ಸಂಜೆಗೆ ಆರ್ತಿನ್‌ನ ಮನೆಯ ಊಟವೂ ಅಂದೇ. ಬೆಳಿಗ್ಗೆ ಯರ್ರಿಸ್ವಾಮಿ ಶೆಡ್ಡಿಗೆ ಹೋಗಿ ಅಂಗಿ ಕಳಚಿ ಮೇಸ್ತ್ರಿಯ ಮುಂದೆ ನಿಂತ. ಮರಳುಗಾಡಿನ ಲಾರಿಗೆ ಬಳಿಯುವ ಹಳದಿ ಬಣ್ಣ ತೋರಿಸಿದ, ಕರಿ ಬಣ್ಣ ತೋರಿಸಿದ, ತನ್ನ ಹೊಟ್ಟೆ ತೋರಿಸಿದ, ಮೆಲ್ಲಗೆ ಒಮ್ಮೆ ಗುರ್ರೆಂದ. ಆರ್ತಿನ್‌ಗೆ ಅರ್ಥವಾಯಿತು. ಸಂಜೆ ತನ್ನ ಮನೆಯ ಮಕ್ಕಳನ್ನು ನಗಿಸಲು ಇವನು ವೇಷ ಹಾಕುತ್ತಿದ್ದಾನೆ ಎಂದು ಅವನು ತಿಳಿದ. ಬೆಳಿಗ್ಗೆ ಇವನು ಎಲ್ಲಿಗೆ ಹೊರಟಿದ್ದಾನೆಂದು ಅವನಿಗೆ ಗೊತ್ತಿದ್ದರೆ ಕುಂಚ ಮುಟ್ಟುತ್ತಿರಲಿಲ್ಲ.

"ಇದು ಲಾರಿಯ ಬಣ್ಣ, ಸ್ವಾಮಿ. ಬಿಸಿಲು ಮಳೆಗೆ ಹೋಗಬಾರದೆಂದೇ ಮಾಡಿದ್ದು" ಎಂದು ಎಚ್ಚರಿಸಿದ.

ಆಗಷ್ಟೇ ಅಲ್ಲಿಗೆ ಬಂದ ನನ್ನೇಸಾಬ ಅದನ್ನು ಕನ್ನಡಕ್ಕೆ ತಿರುಗಿಸಿದ. ಯರ್ರಿಸ್ವಾಮಿ ಸಂತೋಷಪಟ್ಟ. "ಒಳ್ಳೇದೇ ಆತಲ್ಲ. ಊರಾಗೆ ನಾಲ್ಕು ಸುತ್ತು ಕುಣಿಯೋದ್ರಾಗೆ ಅರ್ಧ ಹುಲಿ ಬೆವರಾಗಿ ಇಳಿದು ಹೋಗ್ತಿತ್ತು."

ಆರ್ತಿನ್ ಕೆಲಸಗಾರ. ಪಟ್ಟೆ ಒಂದೊಂದೂ ಅಳೆದಿಟ್ಟಂತೆ ಬಂತು. ನಾರಿನ ಹಗ್ಗದ ಬಾಲ ಕಟ್ಟಿಕೊಂಡು, ಮೇಲೊಂದು ಪಟ್ಟಾಳದ ಕೋಟು ಹೊದ್ದು ಹುಲಿ ದೋಣಿ ಹತ್ತಿತು. ಕಾಲುವೆಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ದಡಕ್ಕೆ ಬಂದೊಡನೆ ಅವನು ಕೋಟು ಎಸೆದ, ನನ್ನೇಸಾಬ ತಾಸೆಗೆ ಕಡ್ಡಿ ಹಾಕಿದ. ತೋಟದ ದಾರಿಯಲ್ಲಿ ನೆಗೆಯುತ್ತಾ, ಹೊರಳುತ್ತಾ, ಜಾಸಿಮ್‌ನ ಅಂಗಳಕ್ಕೆ ಹುಲಿ ನುಗ್ಗಿತು.

ಅಂಗಳ ತುಂಬ ಜನ ಕೂತಿದ್ದರು. ಎಲ್ಲರ ಮೈಮೇಲೂ ಕರಿ ಬಟ್ಟೆ. ಮಧ್ಯದಲ್ಲಿ ಒಬ್ಬ ಮುದುಕ ಏನನ್ನೋ ರಾಗವಾಗಿ ಓದುತ್ತಿದ್ದ. ಗಂಡಸರು ಎದೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಹೆಂಗಸರು ಹೊದಿಕೆಯೊಳಗೆ ಬಿಕ್ಕುತ್ತಿದ್ದರು.

ನನ್ನೇಸಾಬನ ಕಡ್ಡಿ ಗಾಳಿಯಲ್ಲೇ ನಿಂತಿತು. ಓದುವ ದನಿಯೂ ನಿಂತಿತು. ಯರ್ರಿಸ್ವಾಮಿ ಮಾತ್ರ ಹಾರಿದ್ದವನು ಇಳಿಯಲೇಬೇಕಲ್ಲ, ಎಲ್ಲರ ನಡುವೆ ನಾಲ್ಕು ಕಾಲಿನ ಮೇಲೆ ಇಳಿದ. ಅವನ ಮೂಗಿನ ಮುಂದೆಯೇ ಜಾಸಿಮ್‌ನ ತಾಯಿ ಕೂತಿದ್ದಳು. ಮುದುಕಿಯ ಕೆನ್ನೆ ಒದ್ದೆಯಾಗಿತ್ತು.

"ಸಾಬ್ರೇ, ಇಲ್ಲಿ ಯಾರೋ ತೀರಿಕೊಂಡವ್ರೆ" ಎಂದ ಯರ್ರಿಸ್ವಾಮಿ, ತಲೆ ಎತ್ತದೆ.

ಜಾಸಿಮ್‌ನ ಚಿಕ್ಕಪ್ಪ ಕೋಲು ಹಿಡಿದು ಎದ್ದ. ಇನ್ನಿಬ್ಬರು ಯುವಕರೂ ಎದ್ದರು. ಜಾಸಿಮ್ ಅವರನ್ನು ತಡೆದು ನನ್ನೇಸಾಬನ ಮುಂದೆ ಬಂದು ನಿಂತ. "ನೀನು ಮುಸಲ್ಮಾನ. ನಮ್ಮ ಹಂಡೆಗೆ ಕಲಾಯಿ ಮಾಡಿದವನು. ಇದು ಏನು ಹಾಸ್ಯ?"

ನನ್ನೇಸಾಬ ತಾಸೆಯನ್ನು ನೆಲಕ್ಕಿಟ್ಟ. ತಾನು ಆಡುವ ಉರ್ದು ಇವರಿಗೆ ಎಷ್ಟು ತಿಳಿಯುತ್ತದೋ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದ. "ಹಾಸ್ಯ ಅಲ್ಲ, ಹರಕೆ. ಇವನ ಮಗಳು ಕಾಲು ಸೋತು ಕೂತಿದ್ದಳು. ನಮ್ಮೂರಲ್ಲಿ ಹುಸೇನರ ಹೆಸರಿನ ಮುಂದೆ ಬೇಡಿಕೊಂಡರು. ಮಗು ಎದ್ದಿತು. ನಮ್ಮ ಕಡೆ ಹಾಗೆ ಬೇಡಿದವರು ಹುಲಿಯಾಗಿ ಕುಣಿಯುತ್ತಾರೆ. ನಾವು ಹಾಗೆಯೇ ಕಲಿತದ್ದು. ಇಲ್ಲಿ ಹೇಗೆಂದು ಕೇಳದೆ ಬಂದದ್ದು ನನ್ನ ತಪ್ಪು."

"ಇವನು ಮುಸಲ್ಮಾನನೇ?"

"ಅಲ್ಲ. ಹಿಂದೂ."

"ಹಿಂದೂವಿಗೆ ಹುಸೇನರು ಏನಾಗಬೇಕು?"

ಈ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ನನ್ನೇಸಾಬ ತಡವರಿಸಿದ. "ನಮ್ಮೂರಲ್ಲಿ ಎಲ್ಲರಿಗೂ ಆಗಬೇಕು" ಎಂದಷ್ಟೇ ಹೇಳಿದ.

ಜಾಸಿಮ್ ಇದನ್ನೆಲ್ಲ ಅರಬ್ಬಿಯಲ್ಲಿ ಹೇಳಿದ. ಅಂಗಳದಲ್ಲಿ ಗುಜುಗುಜು ಎದ್ದಿತು. ಮುದುಕಿ ಮಾತ್ರ ಹುಲಿಯ ಮುಖವನ್ನೇ ನೋಡುತ್ತಿದ್ದಳು. ಅವಳು ಒಂದು ಮಾತು ಕೇಳಿದಳು. ಜಾಸಿಮ್ ತಿರುಗಿಸಿ ಹೇಳಿದ: "ಆ ಮಗು ಈಗ ನಡೆಯುತ್ತದೆಯೇ ಎಂದು ಕೇಳುತ್ತಾಳೆ."

"ಓಡುತ್ತಾಳೆ ತಾಯೀ. ಹಿಡಿಯಲು ಆಗುವುದಿಲ್ಲ."

ಮುದುಕಿ ತಲೆಯಾಡಿಸಿದಳು. ಕೋಲು ಹಿಡಿದ ಮೈದುನನಿಗೆ ಕೂರೆಂದು ಕೈ ತೋರಿಸಿ ಆಮೇಲೆ ನಿಧಾನವಾಗಿ ಮಾತಾಡಿದಳು. ಕರ್ಬಲಾದ ಬಯಲಿನಲ್ಲಿ ಹುಸೇನರೂ ಅವರ ಕಡೆಯವರೂ ಹತರಾಗಿ ಎಲ್ಲ ಮುಗಿದು, ದೇಹಗಳನ್ನು ಬಿಟ್ಟು ಎಲ್ಲರೂ ಹೊರಟುಹೋದ ಮೇಲೆ ಒಂದು ಸಿಂಹ ಬಂದಿತೆಂದು ಅವಳ ಅಜ್ಜಿ ಹೇಳುತ್ತಿದ್ದಳಂತೆ. ಅದು ಯಾರನ್ನೂ ಹತ್ತಿರ ಬಿಡದೆ ಕಾವಲು ಕೂತಿತಂತೆ. ಅದು ಕುಣಿಯಲಿಲ್ಲ. ಇವನು ಹರಕೆ ಹೊತ್ತು ಬಂದಿದ್ದರೆ ಕೂರಲಿ.

ನನ್ನೇಸಾಬ ಹುಲಿಯ ಕಿವಿಯ ಹತ್ತಿರ ಬಗ್ಗಿದ. "ಕುಣೀಬೇಡ, ಕೂರು ಅಂತಾರೆ."

"ಎಷ್ಟೊತ್ತು?"

"ಓದೋದು ಮುಗಿಯೋ ತನಕ."

"ಕೂತ್ರೆ ಹರಕೆ ತೀರ್ತೈತಾ, ಕೇಳ್ರಿ."

"ಅದನ್ನ ಕೇಳೋ ಹೊತ್ತಲ್ಲ ಇದು. ಕೂರೋ ಮಾರಾಯ."

ಯರ್ರಿಸ್ವಾಮಿ ಹೊಸ್ತಿಲ ಪಕ್ಕಕ್ಕೆ ಹೋಗಿ, ಮುಂಗೈ ಎರಡೂ ನೆಲಕ್ಕೂರಿ ಕೂತ. ಓದು ಮತ್ತೆ ಶುರುವಾಯಿತು. ನನ್ನೇಸಾಬ ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದ. ಈಗ ಏಳುತ್ತಾನೆ, ಇನ್ನೇನು ಕಾಲು ಆಡಿಸುತ್ತಾನೆ ಎಂದು ಕಾಯುತ್ತಲೇ ಇದ್ದ. ನೆರಳು ಅಂಗಳದ ಈ ಬದಿಯಿಂದ ಆ ಬದಿಗೆ ಹೋಯಿತು. ಹುಲಿ ಅಲ್ಲಾಡಲಿಲ್ಲ. ಚಳಿಗೆ ಅವನ ತೋಳಿನ ಪಟ್ಟೆಗಳು ನಡುಗುವುದು ಕಂಡು ಮುದುಕಿ ಎದ್ದು ಬಂದು ತನ್ನ ಕರಿ ಹೊದಿಕೆಯನ್ನು ಅವನ ಬೆನ್ನ ಮೇಲೆ ಹಾಕಿ ಹೋದಳು. ಓದುವ ಮುದುಕ ಒಂದೊಂದು ಹೆಸರು ಹೇಳಿದಾಗಲೂ ಹುಲಿಯ ತಲೆ ಸ್ವಲ್ಪ ಏಳುತ್ತಿತ್ತು. ಯರ್ರಿಸ್ವಾಮಿ ಅಳುತ್ತಿದ್ದ. ಲಾರಿಯ ಬಣ್ಣ ಕಣ್ಣೀರಿಗೆ ಜಗ್ಗಲಿಲ್ಲ. ಹನಿಗಳು ಎಣ್ಣೆಯ ಮೇಲೆ ಜಾರಿದಂತೆ ಜಾರಿ ಬಿದ್ದವು.

ಹಿಂದಿರುಗುವಾಗ ದೋಣಿಯಲ್ಲಿ ಅವನು ಕೋಟು ಹೊದ್ದು ಅಲ್ಲಾಡದೆ ಕೂತ. ಆಮೇಲೆ, "ಹಸನ್, ಹುಸೇನ್, ಕಾಸಿಂ ಅಂತ ಕೇಳಿಸ್ತು. ಎಲ್ಲ ನಮ್ಮೂರ ದೇವರ ಹೆಸರೇ. ಅವರು ಸತ್ತೋರು ಅಂತ ನನಗೆ ಗೊತ್ತೇ ಇರಲಿಲ್ಲ ಸಾಬ್ರೇ. ನಾನು ತಾಸೆ ಕೇಳ್ತಿದ್ದೆ, ಹಾಡು ಕೇಳಿರಲಿಲ್ಲ" ಎಂದ.

"ನಾನು ಹಾಡು ಕೇಳಿದ್ದೆ. ಆದ್ರೂ ತಾಸೆ ಬಡಿದೆ" ಎಂದ ನನ್ನೇಸಾಬ.

"ಈಗ ನನ್ನ ಹರಕೆ? ಅತ್ತೆ ಕುಣೀತಾನೆ ಅಂದಿದ್ಲು. ನಾನು ಕೂತೆ."

ನನ್ನೇಸಾಬ ತಾಸೆಯ ಕಡ್ಡಿಗಳನ್ನು ಜೇಬಿಗೆ ಸೇರಿಸಿದ.

ಕ್ಯಾಂಪಿಗೆ ಬಂದು ಸೀಮೆಎಣ್ಣೆ ಹಾಕಿ ಉಜ್ಜಿದರು. ಮೊಣಕೈ ಹತ್ತಿರ ಅಂಗೈಯಗಲ ಜಾಗ ಬಿಟ್ಟರೆ ಹುಲಿ ಹೋಗಲಿಲ್ಲ. ಊಟಕ್ಕೆ ಕರೆದವರ ಮನೆಗೆ ಹೋಗದಿರುವುದು ತಪ್ಪು. ಹೀಗೆ ಹೋಗುವುದು ಇನ್ನೂ ತಪ್ಪು. ಕೊನೆಗೆ ಕೋಟಿನ ಗುಂಡಿ ಎಲ್ಲ ಹಾಕಿ, ಮುಖಕ್ಕೆ ಮಫ್ಲರ್ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಯರ್ರಿಸ್ವಾಮಿ ಪೇಟೆಗೆ ಹೊರಟ. ನನ್ನೇಸಾಬನೂ ಜೊತೆಗಿದ್ದ. ಬಾಗಿಲಲ್ಲೇ ಆರ್ತಿನ್‌ಗೆ ಬೆಳಗಿನ ಸಂಗತಿ ಹೇಳಿದರು. ಅವನು ಮೀಸೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದ. "ಮೊಹರಂಗೆ? ನನ್ನ ಬಣ್ಣದಲ್ಲಿ? ಅಯ್ಯೋ, ಜೀವಂತ ಹೇಗೆ ಬಂದಿರಿ?"

ಆ ಮನೆಯಲ್ಲಿ ದೀಪಗಳು ಉರಿಯುತ್ತಿದ್ದವು. ಮೇಜಿನ ಮೇಲೆ ಮೀನು, ಸೊಪ್ಪು, ಅನ್ನ. ಆದರೆ ಹಾಡನ್ನು ಎಲ್ಲರೂ ಕಿಟಕಿ ಮುಚ್ಚಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು. ಪಕ್ಕದ ಮನೆಯವರಿಗೆ ದುಃಖದ ದಿನ, ಆದ್ದರಿಂದ ಈ ವರ್ಷ ನಮ್ಮ ಹಬ್ಬ ಪಿಸುಮಾತಿನಲ್ಲಿ ಎಂದ ಆರ್ತಿನ್. ಮಫ್ಲರ್ ಬಿಚ್ಚದೆ ಊಟ ಹೇಗೆ? ಯರ್ರಿಸ್ವಾಮಿ ಬಿಚ್ಚಿದ. ಆರ್ತಿನ್‌ನ ಪುಟ್ಟ ಹೆಣ್ಣುಮಕ್ಕಳು ಒಂದು ಕ್ಷಣ ಬೆರಗಾಗಿ ನಿಂತು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕು ನಕ್ಕು ನೆಲಕ್ಕೆ ಬಿದ್ದವು. ಒಂದು ಅವನ ಕೆನ್ನೆಯ ಪಟ್ಟೆ ಮುಟ್ಟಿತು, ಇನ್ನೊಂದು ಗರ್ಜಿಸೆಂದು ಅಭಿನಯಿಸಿ ಕೇಳಿತು. ಯರ್ರಿಸ್ವಾಮಿ ಪಕ್ಕದ ಮನೆಯ ಗೋಡೆ ಕಡೆ ನೋಡಿದ. ಆಮೇಲೆ ಮಗುವಿನ ಕಿವಿಯ ಹತ್ತಿರ ಬಾಯಿ ತಂದು, ಬೆಕ್ಕಿಗೂ ಕೇಳಿಸದಷ್ಟು ಮೆಲ್ಲಗೆ ಗರ್ಜಿಸಿದ.

ಕೊನೆಗೆ ಆರ್ತಿನ್‌ನ ಹೆಂಡತಿ ಒಂದು ಬಟ್ಟಲು ಸಿಹಿ ತಂದಿಟ್ಟಳು. ಕುಟ್ಟಿದ ಗೋಧಿ, ಒಣದ್ರಾಕ್ಷಿ, ಮೇಲೆ ಬಾದಾಮಿ. ಯರ್ರಿಸ್ವಾಮಿ ಒಂದು ಚಮಚ ಬಾಯಿಗಿಟ್ಟು ಕಣ್ಣು ಅಗಲಿಸಿದ.

"ಸಾಬ್ರೇ, ಹುಗ್ಗಿ ಕಣ್ರೀ ಇದು. ನಮ್ಮ ಗೋಧಿ ಹುಗ್ಗಿ. ಬೆಲ್ಲ ಒಂದು ಇಲ್ಲ."

ಆ ರಾತ್ರಿ ಅವನು ಹುಗ್ಗಿಯನ್ನು ಎಷ್ಟು ಸಲ ಹಾಕಿಸಿಕೊಂಡನೆಂದರೆ, ಆರ್ತಿನ್‌ನ ಹೆಂಡತಿ ಪಾತ್ರೆಯನ್ನೇ ಅವನ ಮುಂದಿಟ್ಟಳು. ಅವತ್ತು ಅವನು ಕೂತೇ ಉಂಡ. ನನ್ನೇಸಾಬ ಅದನ್ನು ಗಮನಿಸಿದ.

ಮಾರನೆಯ ದಿನ ಜಾಸಿಮ್‌ನ ದೋಣಿ ಬಂತು. ಗೋಧಿ ಮಾಂಸ ಬೆರೆಸಿ ರಾತ್ರಿಯೆಲ್ಲ ಬೇಯಿಸಿದ ಅಂಬಲಿ ಒಂದು ಪಾತ್ರೆ ತುಂಬ ಇತ್ತು. "ಹಂಡೆಯ ಒಳಗೆ ಮುಖ ಕಾಣುವಷ್ಟು ಚೆನ್ನಾಗಿದೆ ನಿನ್ನ ಕಲಾಯಿ" ಎಂದು ನನ್ನೇಸಾಬನಿಗೆ ಹೇಳಿ, ಪಾತ್ರೆಯನ್ನು ಯರ್ರಿಸ್ವಾಮಿಯ ಕೈಗೆ ಕೊಟ್ಟ. "ಅಮ್ಮ ಕಳಿಸಿದ್ದು. ಕಾವಲು ಕೂತವನ ಪಾಲು." ಮಾಂಸ ತಿನ್ನದ ಯರ್ರಿಸ್ವಾಮಿ ಪಾತ್ರೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನೇಸಾಬನಿಗೆ ದಾಟಿಸಿದ. ಮರುವರ್ಷ ಹತ್ತನೇ ದಿನ ಬಂದ ಪಾತ್ರೆಯಲ್ಲಿ ಮಾಂಸವಿರಲಿಲ್ಲ, ಬರೀ ಗೋಧಿ ಇತ್ತು.

ಬಣ್ಣ ಪೂರ್ತಿ ಹೋಗಲು ವಾರಗಳೇ ಹಿಡಿದವು. ಹಾಜರಿಯ ಹೊತ್ತಿಗೆ ಗೋರಾ ಸಾರ್ಜೆಂಟ್ ಅವನ ಕುತ್ತಿಗೆ ನೋಡಿ, "ಲಾರಿಗೆ ಬರೆದಂತೆ ಇವನಿಗೂ ಒಂದು ನಂಬರ್ ಬರೆಯಿರಿ" ಎಂದ. ಎಲ್ಲರೂ ನಕ್ಕರು. ಯರ್ರಿಸ್ವಾಮಿಯೂ ನಕ್ಕ. ಆದರೆ ಮನೆಯಿಂದ ಸುದ್ದಿ ತಡವಾದಾಗಲೆಲ್ಲ ಅವನು ಒಲೆಯ ಹತ್ತಿರ ಬಂದು ಕಾಲು ಬದಲಿಸುತ್ತಾ, "ಕೂಸು ಓಡಾಡ್ತಾ ಇರ್ತೈತಲ್ಲ ಸಾಬ್ರೇ?" ಎಂದು ಕೇಳುತ್ತಿದ್ದ. ಕಾಲ ಕಳೆದರೂ ಆ ಪ್ರಶ್ನೆ ಬಿಡಲಿಲ್ಲ.

ಯುದ್ಧ ಮುಗಿದು ನಲವತ್ತಾರರಲ್ಲಿ ಇಬ್ಬರೂ ಊರಿಗೆ ಬಂದರು. ಯರ್ರಿಸ್ವಾಮಿ ಹೆಂಡತಿ ಮಗಳ ಮುಖ ನೋಡುವ ಮುಂಚೆ ನ್ಯಾಮತಿಯಲ್ಲಿ ಇಳಿದು ಸುಬಾನಸಾಬನ ಮುಂದೆ ನಿಂತ. ನಡೆದದ್ದನ್ನೆಲ್ಲ ಹೇಳಿ, "ಕೂತೆ, ಕುಣೀಲಿಲ್ಲ. ತೀರಿತಾ, ಇಲ್ಲವಾ?" ಎಂದು ಕೇಳಿದ.

ಸುಬಾನಸಾಬ ಬಾಯೊಳಗಿನ ಎಲೆ ಉಗಿದ. "ದೇವರ ಊರಾಗೆ ಹಬ್ಬ ಜೋರಿರ್ತೈತೆ ಅಂತ ನೋಡದೆ ಹೇಳಿದೋನು ನಾನು. ಇನ್ನೊಂದು ಸಲ ನೋಡದೆ ಹೇಳಲ್ಲಪ್ಪ. ಹರಕೆ ಹೊತ್ತೋರನ್ನ ಕೇಳು."

ಗಂಡ ಪಟ್ಟಾಳಕ್ಕೆ ಹೋದ ಮೇಲೆ ಅಂಜಿನಮ್ಮ ಮಗಳೊಂದಿಗೆ ತವರಲ್ಲೇ ಇದ್ದಳು. ಗೋವಿನಕೋವಿಗೆ ನನ್ನೇಸಾಬನೂ ಸಾಕ್ಷಿಯಾಗಿ ಹೋದ. ಊರ ಬಾಗಿಲಿಗೇ ಒಬ್ಬಳು ಉದ್ದ ಜಡೆಯ ಹುಡುಗಿ ಓಡಿ ಬಂದು, ಅಪ್ಪನ ಗುರುತು ಹತ್ತದೆ, ಅವರನ್ನು ದಾಟಿ ಹೋಗಿ, ತಿರುಗಿ ನೋಡಿ ನಿಂತಳು. ಯರ್ರಿಸ್ವಾಮಿ ನೋಡಿದ್ದು ಅವಳ ಮುಖವನ್ನಲ್ಲ, ಕಾಲುಗಳನ್ನು. ಆಮೇಲೆ ಮುಖ ನೋಡಿದ.

ಹನುಮಂತಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅಳಿಯನ ಮಾತು ಮುಗಿದ ಮೇಲೆ ನನ್ನೇಸಾಬನ ಕಡೆ ತಿರುಗಿದಳು.

"ನೀವು ಕಣ್ಣಾರೆ ಕಂಡ್ರಾ ಸಾಬ್ರೇ? ನಡುವೆ ಎದ್ದು ಓಡಾಡಲಿಲ್ಲ?"

"ಇಲ್ಲ ಅಮ್ಮ. ನೆರಳು ಆ ಕಡೆಗೆ ಹೋಗೋ ತನಕ ಕೂತಿದ್ದ. ಬಾಲ ಸೈತ ಅಲ್ಲಾಡಲಿಲ್ಲ."

"ಹಂಗಾದ್ರೆ ತೀರಿತು ಬಿಡ್ರಿ" ಎಂದಳು ಹನುಮಂತಮ್ಮ. "ಕುಣಿಯೋದು ಇವನಿಗೆ ಯಾವ ದೊಡ್ಡ ಮಾತು, ನಿದ್ದೆಯಾಗೂ ಕುಣೀತಾನೆ. ನನ್ನ ಅಳಿಯ ಅಷ್ಟೊತ್ತು ಒಂದು ಕಡೆ ಕೂತ ಅಂದ್ರೆ, ಅದು ಐದು ವರ್ಷದ್ದಲ್ಲ, ಹತ್ತು ವರ್ಷದ ಹರಕೆ."

ಅಂಜಿನಮ್ಮ ಒಳಗಿನಿಂದ ನಕ್ಕದ್ದು ಕೇಳಿಸಿತು. ಯರ್ರಿಸ್ವಾಮಿ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು, ಉಸ್ಸೆಂದು ಉಸಿರು ಬಿಟ್ಟು, ಮರುಗಳಿಗೆಯಲ್ಲೇ ಎದ್ದು ಮಗಳ ಹಿಂದೆ ಓಡಿದ.

ಈಗ ಯರ್ರಿಸ್ವಾಮಿ ಹೊನ್ನಾಳಿಯಲ್ಲಿ ಹೊಳೆಯ ದಾರಿಯ ಶೆಡ್ಡೊಂದರಲ್ಲಿ ಬಸ್ಸುಗಳಿಗೂ ಗಾಡಿಗಳಿಗೂ ಬಣ್ಣ ಬಳಿಯುತ್ತಾನೆ. ಜನವರಿ ಆರಕ್ಕೆ ಅಂಜಿನಮ್ಮ ಮನೆಯಲ್ಲಿ ಗೋಧಿ ಹುಗ್ಗಿ ಮಾಡುತ್ತಾಳೆ. ಮೊಹರಂನ ಒಂಬತ್ತನೇ ದಿನ ಅವನು ನ್ಯಾಮತಿಗೆ ಹೋಗಿ, ಊರಿನ ಅರಿಶಿನದ ಬಣ್ಣದಲ್ಲೇ ಹುಲಿಯಾಗಿ, ಹಾಡು ಮುಗಿಯುವ ತನಕ ಅಲಾಯಿ ದೇವರ ಬಾಗಿಲಲ್ಲಿ ಕೂರುತ್ತಾನೆ. ಆಮೇಲೆ ನನ್ನೇಸಾಬ ತಾಸೆಗೆ ಕಡ್ಡಿ ಹಾಕುತ್ತಾನೆ, ಅವನು ಎದ್ದು ಕುಣಿಯುತ್ತಾನೆ.